ಕಾಲಿನ ಅಂಕಿ, ತಲೆಯ ಅಂಕಿ

ಮಡಕಶಿರ ದಾಟಿದ ಮೇಲೆ ಉಮಾದೇವಿಗೆ ಕೂರಲು ಜಾಗ ಸಿಕ್ಕಿತು. ಮಿಷಿನ್ನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳನ್ನು ಅದರ ಮೇಲೆ ಅಡ್ಡ ಹಾಕಿ ಕೂತಳು. ಡ್ರೈವರಿನ ಹಿಂದಿನ ಅಡ್ಡ ಸೀಟಿನಲ್ಲಿ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಅವನ ಹಣೆಯನ್ನು ನೋಡುತ್ತಿದ್ದಂತೆ ಅರವತ್ತೆರಡು ಇರಬಹುದು ಅಂದುಕೊಂಡಳು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಗೆ ಎಪ್ಪತ್ತು. ಎರಡು ವರ್ಷದಿಂದ ಇದೊಂದು ಚಟವಾಗಿಬಿಟ್ಟಿತ್ತು. ಯಾರ ಹಣೆ ಕಂಡರೂ ಅದರ ಹಿಂದೆ ರಕ್ತ ಎಷ್ಟು ಉಸಿರು ಹೊತ್ತು ತಿರುಗುತ್ತಿದೆ ಎಂಬ ಲೆಕ್ಕ. ಮನೆಯಲ್ಲಿ ಮಗಳು ಸುಷ್ಮಾ ಹೋಂವರ್ಕ್ ಬರೆಯುವಾಗ ಹೀಗೇ ನೋಡುತ್ತ ನಿಂತು, ‘ಏನಮ್ಮ ಹಂಗೆ ನೋಡ್ತೀಯಾ, ಭಯ ಆಗುತ್ತೆ’ ಅನ್ನಿಸಿಕೊಂಡಿದ್ದಳು. ಈ ಒಂದು ತಿಂಗಳಿಂದ ಮಾತ್ರ ಸುಷ್ಮಾಳ ಹಣೆಯನ್ನು ಬಿಟ್ಟು ಕೈಗಳನ್ನು ನೋಡುತ್ತಿದ್ದಳು. ಬಲಗೈ ಬರೆಯುತ್ತಿರುವಾಗ ಎಡಗೈ ಪುಸ್ತಕವನ್ನು ಒತ್ತಿ ಹಿಡಿದಿರುತ್ತದೆ, ಯಾರೂ ಹೇಳಿಕೊಡದಿದ್ದರೂ. ಎರಡು ಕೈಗಳು ಒಂದಕ್ಕೊಂದು ಇಷ್ಟು ಸಹಾಯ ಮಾಡುತ್ತವೆ ಎಂದು ಹತ್ತು ವರ್ಷ ಆ ಮಗುವನ್ನು ಸಾಕಿದವಳಿಗೆ ಗೊತ್ತೇ ಇರಲಿಲ್ಲ.

ಪೆಟ್ಟಿಗೆಯೊಳಗೆ ಇದ್ದದ್ದು ಆಸ್ಪತ್ರೆಯವರೆಲ್ಲ ಲೈಟ್ ಮಿಷಿನ್ನು ಎಂದು ಕರೆಯುತ್ತಿದ್ದ ಯಂತ್ರ. ಹಿಂದೂಪುರದ ಮಕ್ಕಳ ಆಸ್ಪತ್ರೆಗೆ ಅದು ಬೆಂಗಳೂರಿನ ಒಂದು ಕಾಲೇಜಿನಿಂದ ಡಾಕ್ಟರ್ ಲಕ್ಷ್ಮೀಕಾಂತ್ ಅವರ ಅಧ್ಯಯನಕ್ಕಾಗಿ ಬಂದಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಹಣೆಗೆ ಮೆತ್ತಗಿನ ಒಂದು ಪಟ್ಟಿ ಅಂಟಿಸುವುದು. ಆ ಪಟ್ಟಿಯಿಂದ ಬೆಳಕು ಚರ್ಮ, ಮೂಳೆ ದಾಟಿ ಒಳಗೆ ಹೋಗಿ ಸ್ವಲ್ಪ ಪಕ್ಕದಲ್ಲಿ ಹೊರಗೆ ಬರುವುದು. ಎಷ್ಟು ಬೆಳಕು ಒಳಗೇ ಉಳಿಯಿತು ಎಂಬುದರಿಂದ ಮೆದುಳಿನ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತಿಳಿಯುವುದು. ತಾಯಂದಿರಿಗೆ ಉಮಾದೇವಿ ಹೇಳುತ್ತಿದ್ದದ್ದು ಇನ್ನೂ ಸುಲಭವಾಗಿ: ಟಾರ್ಚಿನ ಮೇಲೆ ಬೆರಳಿಟ್ಟರೆ ಕೆಂಪಗೆ ಕಾಣೋದಿಲ್ವಾ, ಹಂಗೆ. ಸೂಜಿ ಇಲ್ಲ, ನೋವಿಲ್ಲ. ಈಗ ಆ ಮಕ್ಕಳಿಗೆಲ್ಲ ವರ್ಷ ದಾಟಿತ್ತು. ಅವರನ್ನು ಮತ್ತೆ ಒಂದು ಸಲ ನೋಡಬೇಕು, ಬೆಳವಣಿಗೆ ಸರಿಯಿದೆಯೋ ಬರೆದುಕೊಳ್ಳಬೇಕು. ಕಲ್ಯಾಣದುರ್ಗದ ಕಡೆಯ ಆರು ಮಕ್ಕಳನ್ನು ಅಲ್ಲೇ ಒಂದು ಕ್ಲಿನಿಕ್ಕಿಗೆ ಕರೆಸಿದ್ದರು. ಡಾಕ್ಟರು ಅನಂತಪುರದಿಂದ ಕಾರಿನಲ್ಲಿ ನೇರವಾಗಿ ಬರುವವರಿದ್ದರು. ತಿಂಗಳ ಹಿಂದೆ ಆರು ಮನೆಗಳಿಗೂ ಫೋನ್ ಮಾಡಿದವಳು ಉಮಾದೇವಿಯೇ. ಐದನೆಯ ಫೋನು ಬ್ರಹ್ಮಸಮುದ್ರದ ಹರಿತಾಳಿಗೆ. ‘ಚೆನ್ನಾಗವ್ನೆ ಸಿಸ್ಟರ್, ತುಂಬಾ ಚುರುಕು. ಎಲ್ಲಾ ಎಡಗೈಲೇ ಮಾಡ್ತಾನೆ, ನಮ್ಮ ಮಾವನಂಗೆ ಎಡಚ’ ಎಂದು ಅವಳು ನಕ್ಕಿದ್ದಳು. ಉಮಾದೇವಿಯೂ ನಕ್ಕು ಫೋನ್ ಇಟ್ಟಿದ್ದಳು. ಆಮೇಲೆ ಔಷಧದ ಕಪಾಟಿನ ಬಾಗಿಲು ತೆಗೆದು, ಏನು ಬೇಕಿತ್ತೆಂದು ಮರೆತು, ಅಲ್ಲೇ ನಿಂತಿದ್ದಳು. ಒಂದು ವರ್ಷಕ್ಕೆ ಯಾವ ಮಗುವೂ ಎಡಚನಾಗಿರುವುದಿಲ್ಲ. ಆ ವಯಸ್ಸಿಗೆ ಒಂದೇ ಕೈ ಮುಂದೆ ಬರುತ್ತಿದ್ದರೆ ಇನ್ನೊಂದು ಯಾಕೆ ಬರುತ್ತಿಲ್ಲ, ಮೆದುಳಿಗೆ ಏನಾದರೂ ಆಗಿದೆಯಾ ಎಂದು ಕೇಳಬೇಕು ಅಂತ ಡಾಕ್ಟರೇ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ರಸ್ತೆಬದಿಯ ಬೋರ್ಡುಗಳು ಕನ್ನಡವಾದವು. ಪಾವಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಕಡಲೆಕಾಯಿ ಮಾರುವವಳು ಕಿಟಕಿಗೆ ಬಂದು ಹೋದಳು. ಆ ದಿನ ಬೆಳಗ್ಗೆ ತಾನು ಡಾಕ್ಟರನ್ನು ಕರೆಯದೇ ಇದ್ದಿದ್ದರೆ? ಎಲ್ಲವೂ ಆ ಬೆಳಗ್ಗೆಯಿಂದ ಶುರುವಾದದ್ದು ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ ಕೂಡಲೇ ಅದು ನೆಪ ಅಂತಲೂ ಅನ್ನಿಸುತ್ತಿತ್ತು. ಹರಿತಾಳ ಮಗುವಿಗೆ ಅಂದು ನಾಲ್ಕನೇ ದಿನ. ಇಪ್ಪತ್ತೊಂಬತ್ತು ವಾರಕ್ಕೆ ಹುಟ್ಟಿದ್ದು, ಒಂದು ಕಿಲೋ ನೂರೈವತ್ತು ಗ್ರಾಂ. ಉಸಿರಾಟಕ್ಕೆ ವೆಂಟಿಲೇಟರ್. ಕಾಲಿಗೆ ಮೈಯ ರಕ್ತದ ಆಮ್ಲಜನಕ ತೋರಿಸುವ ಒಂದು ಕೆಂಪು ದೀಪದ ಪಟ್ಟಿ, ಹಣೆಗೆ ಲೈಟ್ ಮಿಷಿನ್ನಿನದು. ಹತ್ತೂವರೆಗೆ ಹಣೆಯ ಅಂಕಿ ದಡದಡನೆ ಐವತ್ತಕ್ಕೆ ಇಳಿದು ಅಲಾರಂ ಕೂಗಿತು. ಅವಳು ಓಡಿಹೋಗಿ ಟಿಫನ್ ಮಾಡುತ್ತಿದ್ದ ಡಾಕ್ಟರನ್ನು ಎಬ್ಬಿಸಿಕೊಂಡು ಬಂದಳು. ಅವರು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಬಂದು, ನೋಡಿ, ಪಟ್ಟಿಯ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಅಂಕಿ ಎಪ್ಪತ್ತೊಂದಕ್ಕೆ ಹಾರಿತು. ಅಂಟು ಸಡಿಲವಾಗಿತ್ತು, ಅಷ್ಟೇ. ‘ಉಮಾದೇವಿ ಗಾರು, ಇದನ್ನ ನಿಮ್ಮ ಹಣೆಗೂ ಒಂದು ಅಂಟಿಸೋಣ. ಒಳಗೆ ಏನಾದ್ರೂ ಓಡ್ತಿದೆಯೋ ಇಲ್ವೋ ಗೊತ್ತಾಗುತ್ತೆ’ ಅಂದರು. ಹೆಡ್ ಸಿಸ್ಟರ್ ಚಂದ್ರಕಲಾ ನಕ್ಕಳು, ನೆಲ ಒರೆಸುತ್ತಿದ್ದವಳೂ ನಕ್ಕಳು. ಡಾಕ್ಟರು ಕೆಟ್ಟವರಲ್ಲ, ತಮಾಷೆಗೆ ಅಂದದ್ದು. ಉಮಾದೇವಿಯೂ ನಗಬೇಕಾಯಿತು. ನಗುವಾಗ ಕಿವಿಯ ತುದಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ. ಮಗುವಿನ ಮುಖ ಹೇಗಿತ್ತು ಎನ್ನುವುದು ನೆನಪಿಲ್ಲ.

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಅಂಕಿ ಮತ್ತೆ ಇಳಿಯಿತು. ಐವತ್ತೆಂಟು, ಐವತ್ತೆರಡು, ನಲವತ್ತೇಳು. ಕಾಲಿನ ಅಂಕಿ ತೊಂಬತ್ತೈದು, ಎಷ್ಟು ಬೇಕೋ ಅಷ್ಟು. ಕಾಲು ಚೆನ್ನಾಗಿದ್ದೇನೆ ಅನ್ನುತ್ತಿತ್ತು, ತಲೆ ಇಲ್ಲ ಅನ್ನುತ್ತಿತ್ತು, ಒಂದೇ ಮಗು. ಅವಳು ಅಲಾರಂ ನಿಲ್ಲಿಸಿ ಕಾಲನ್ನು ನಂಬಿದಳು. ಪಟ್ಟಿಯನ್ನು ಕಿತ್ತು ಹೊಸದಾಗಿ ಅಂಟಿಸಿದಳು, ಎಡ ಹಣೆಯ ಮೇಲೆ. ಅಂಕಿ ಮೇಲೆ ಬರಲಿಲ್ಲ. ಬೆರಳನ್ನು ಅದರ ಮೇಲೆ ಒತ್ತಿ ಹಿಡಿದಳು. ಬರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಹಾಗೇ ನಿಂತಳು. ಡಾಕ್ಟರ ಕೋಣೆ ಹದಿನೈದು ಹೆಜ್ಜೆ. ಕಣ್ಣೆದುರಿಗೆ ನಲವತ್ತಾರು ಎಂದು ಬರೆದಿತ್ತು, ಕಿವಿಯೊಳಗೆ ಬೆಳಗಿನ ನಗು ಇತ್ತು, ಅವೆರಡರ ನಡುವೆ ಅವಳು ನಿಂತಿದ್ದಳು. ಮೂರೂವರೆಗೆ ನಾಲ್ಕೈದು ನಿಮಿಷ ಮುಂಚೆ ರಕ್ತದ ರಿಪೋರ್ಟು ಹಿಡಿದುಕೊಂಡು ಡ್ಯೂಟಿ ಡಾಕ್ಟರು ಬಂದು ವೆಂಟಿಲೇಟರಿನ ವೇಗ ಇಳಿಸಿ ಹೋದರು. ಹಣೆಯ ಕಡೆ ಅವರು ನೋಡಲಿಲ್ಲ, ಇವಳು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಂಕಿ ತಾನೇ ಮೇಲೇರಿ ಅರವತ್ತಮೂರರಲ್ಲಿ ನಿಂತಿತು. ಅಂಟು ಕೂತಿತು ಅಂದುಕೊಂಡಳು. ಹನ್ನೊಂದು ನಿಮಿಷ. ಪುಸ್ತಕದಲ್ಲಿ ‘ಸೆನ್ಸರ್ ಸಡಿಲ’ ಎಂದು ಬರೆದಳು. ಬರೆಯುವಾಗ ಅದು ಸುಳ್ಳು ಎಂದು ಗೊತ್ತಿರಲಿಲ್ಲ. ನಿಜ ಎಂದೂ ಗೊತ್ತಿರಲಿಲ್ಲ.

ಕಲ್ಯಾಣದುರ್ಗದಲ್ಲಿ ಇಳಿದಾಗ ಹತ್ತೂಮುಕ್ಕಾಲು, ಆಗಲೇ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ, ಬಣ್ಣದ ಉಂಗುರ, ಗಿಲಕಿ ಎಲ್ಲ ಜೋಡಿಸಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದಳು. ಹೊರಗಿನ ಬೆಳಕು ಜಾಸ್ತಿಯಾದರೆ ಮಿಷಿನ್ನಿಗೆ ತನ್ನ ಬೆಳಕು ಯಾವುದೆಂದು ತಿಳಿಯುವುದಿಲ್ಲ. ನಾಲ್ಕು ಮಕ್ಕಳು ಬಂದು ಹೋದವು. ಉಂಗುರ ತೋರಿಸಿದರೆ ಎರಡೂ ಕೈ ಚಾಚಿದವು, ಒಂದಂತೂ ಮಿಷಿನ್ನಿನ ವೈರನ್ನೇ ಬಾಯಿಗಿಟ್ಟುಕೊಂಡಿತು. ಅವಳಿಗೆ ಒಂದು ಕ್ಷಣ ಎಲ್ಲವೂ ತನ್ನ ಭ್ರಮೆ ಅನ್ನಿಸಿತು. ಆಗ ಬಾಗಿಲಲ್ಲಿ ಹರಿತಾ ನಿಂತಿದ್ದಳು. ಹಿಂದೆ ಸೊಸೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ಓಬಮ್ಮ.

‘ಗುರ್ತು ಸಿಕ್ತಾ ಸಿಸ್ಟರ್?’ ಅಂದಳು ಹರಿತಾ. ಅವಳ ಸೊಂಟದ ಮೇಲೆ ಕೂತಿದ್ದ ಹುಡುಗ ಗುಂಡಗಿದ್ದ, ಕಣ್ಣಿಗೆ ದಪ್ಪ ಕಾಡಿಗೆ. ‘ಇವನೇ ನಿಮ್ಮ ಅಂಜಿ. ಹದಿನಾಲ್ಕು ತಿಂಗಳಾಯ್ತು.’

‘ಎಷ್ಟು ದೊಡ್ಡವನಾಗಿದ್ದಾನೆ’ ಅಂದಳು ಉಮಾದೇವಿ. ಹಾಗನ್ನುವಾಗ ಅವಳ ಕಣ್ಣು ಹುಡುಗನ ಬಲಗೈಯನ್ನು ಹುಡುಕುತ್ತಿತ್ತು. ಅದು ತಾಯಿಯ ಸೆರಗಿನ ಹಿಂದೆ ಇತ್ತು.

ಚಾಪೆಯ ಮೇಲೆ ಕೂರಿಸಿ ಉಂಗುರ ಹಿಡಿದಳು. ಎಡಗೈ ಚಾಚಿ ಕಿತ್ತುಕೊಂಡ. ಬಲಗಡೆಯಿಂದ ಇನ್ನೊಂದು ಉಂಗುರ ಕೊಟ್ಟಳು. ಇಡೀ ಮೈಯನ್ನು ತಿರುಗಿಸಿ, ಕೈಲಿದ್ದದ್ದನ್ನು ಬಿಟ್ಟು, ಎಡಗೈಯಿಂದಲೇ ಅದನ್ನೂ ತೆಗೆದುಕೊಂಡ. ಬಲಗೈ ಮೊಣಕೈ ಹತ್ತಿರ ಮಡಿಚಿಕೊಂಡು ಎದೆಗೆ ಅಂಟಿತ್ತು, ಹೆಬ್ಬೆರಳು ಮುಷ್ಟಿಯೊಳಗೆ. ಓಬಮ್ಮ ಕೈತಟ್ಟಿ ನಕ್ಕಳು. ‘ನೋಡ್ದಾ ತಾಯಿ! ಸೇಮ್ ಅವನ ತಾತಾನೇ. ನಮ್ಮೆಜಮಾನ ಎಡಗೈಲಿ ಮಚ್ಚು ಹಿಡಿದ್ರೆ ಒಂದೇ ಏಟಿಗೆ ಜಾಲಿ ಕೊಂಬೆ ಬಿದ್ದೋಗೋದು ಕಣಮ್ಮ. ಸತ್ತು ಮೂರು ವರ್ಸ ಆಯ್ತು. ಇವನು ಹುಟ್ಟಿ ಅದೇ ಕೈ ಮುಂದಕ್ಕೆ ಇಟ್ಟಾಗ ನಂಗೆ ಅಳು ಬಂದ್ಬುಡ್ತು. ಬಂದ್ಬುಟ್ಟ ಕಣಪ್ಪ, ಮಾ ಆಯನೇ, ನಮ್ಮೆಜಮಾನನೇ ಬಂದ್ಬುಟ್ಟ ಅಂದೆ.’ ಉಮಾದೇವಿ ಫಾರಂ ಮೇಲೆ ಬಗ್ಗಿ ಹುಟ್ಟಿದ ತಾರೀಕನ್ನು ಎರಡನೇ ಸಲ ಬರೆದಳು.

ಹಣೆಗೆ ಪಟ್ಟಿ ಕಟ್ಟುವಾಗ ಹರಿತಾ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ‘ಸಿಸ್ಟರ್, ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ. ಇವನು ಹುಟ್ಟಿ ನಾಕನೇ ದಿನ ಮಧ್ಯಾಹ್ನ ನಾನು ಗಾಜಿನ ಆಚೆ ನಿಂತಿದ್ದೆ. ಒಳಕ್ಕೆ ಬಿಡ್ತಿರ್ಲಿಲ್ಲ. ಎಲ್ರೂ ಬರೋರು, ಸೂಜಿ ಚುಚ್ಚೋರು, ಹೋಗೋರು. ನೀವೊಬ್ರೇ ಇವನ ಹಣೆ ಮ್ಯಾಲೆ ಬೆರಳಿಟ್ಕಂಡು ನಿಂತಿದ್ರಿ. ಎಷ್ಟೊತ್ತು ಅಂದ್ರೆ, ನಂಗೆ ಹೊಲಿಗೆ ನೋವು ಜಾಸ್ತಿಯಾಗಿ ಗೋಡೆ ಹಿಡ್ಕಂಡೆ, ನೀವು ಮಾತ್ರ ಅಲ್ಲಾಡ್ಲಿಲ್ಲ. ಇವನು ಉಳೀತಾನೆ ಅಂತ ಆವತ್ತೇ ನಂಗೆ ಧೈರ್ಯ ಬಂದಿದ್ದು. ಊರಲ್ಲಿ ಎಲ್ರಿಗೂ ಹೇಳಿದೀನಿ, ಹಿಂಗೊಬ್ರು ಸಿಸ್ಟರ್ ಇದ್ರು ಅಂತ.’ ಓಬಮ್ಮ ಚೀಲದಿಂದ ಹಳೇ ಪೇಪರಿನಲ್ಲಿ ಸುತ್ತಿದ ಹೊಸ ಹುಣಸೆಹಣ್ಣನ್ನು ತೆಗೆದು ಮೇಜಿನ ಮೇಲಿಟ್ಟಳು. ಹುಣಸೆಹಣ್ಣಿನ ದೊಡ್ಡ ಮಂಡಿಯೇ ಇರುವ ಹಿಂದೂಪುರದವಳಿಗೆ ಹುಣಸೆಹಣ್ಣು, ಬೀಜ ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟಿದ್ದರು. ಉಮಾದೇವಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ, ತೆಗೆದುಕೊಳ್ಳಲು ಕೈ ಬರಲಿಲ್ಲ. ತಾನು ಅಂಜಿಕೆಯಿಂದ ನಿಂತ ಹನ್ನೊಂದು ನಿಮಿಷ ಗಾಜಿನ ಆಚೆ ಬೇರೆ ಏನೋ ಆಗಿ ಹದಿನಾಲ್ಕು ತಿಂಗಳು ಬದುಕಿತ್ತು. ಯಾವುದು ನಿಜವಾಗಿ ನಡೆದದ್ದು? ಬೆರಳು ಒಂದೇ, ಹಣೆ ಒಂದೇ. ಪರದೆಯ ಮೇಲೆ ಅರವತ್ತೆಂಟು ಎಂದು ಬಂತು. ‘ಚೆನ್ನಾಗಿದೆ’ ಅಂದಳು. ಅದು ಇವತ್ತಿನ ಅಂಕಿ. ಅವತ್ತಿನ ಬಗ್ಗೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ.

ಮುಂದಿನ ಕೋಣೆಯಲ್ಲಿದ್ದ ಡಾಕ್ಟರ್ ಲಕ್ಷ್ಮೀಕಾಂತ್ ಬಂದು ಹುಡುಗನನ್ನು ನಿಲ್ಲಿಸಿ, ಕೂರಿಸಿ, ಮೊಣಕಾಲು ತಟ್ಟಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಿಟ್ಟ ಕೂಡಲೇ ಅವು ಮತ್ತೆ ಮಡಿಚಿಕೊಂಡವು. ‘ಪರ್ವಾಲೇದಮ್ಮಾ. ಆರು ತಿಂಗಳು ಬಿಟ್ಟು ಹಿಂದೂಪುರಕ್ಕೆ ಕರ್ಕೊಂಡು ಬನ್ನಿ’ ಅಂದರು. ಅಷ್ಟು ದೂರ ಇವರು ಬರುವುದಿಲ್ಲ ಎಂದು ಉಮಾದೇವಿಗೆ ಗೊತ್ತಿತ್ತು. ಆರೋಗ್ಯವಾಗಿರುವ ಎಡಚ ಹುಡುಗನನ್ನು ಯಾರಾದರೂ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಯಾಕೆ ಕರೆತರುತ್ತಾರೆ? ಓಬಮ್ಮ ಡಾಕ್ಟರಿಗೂ ಕೈಮುಗಿದು, ಇವಳ ಗಲ್ಲ ಮುಟ್ಟಿ, ‘ಹೋಯ್ತೀವಿ ತಾಯಿ, ಮೂರೂಕಾಲಿಗೆ ನಮ್ಮ ಬಸ್ಸು’ ಎಂದಳು.

ಆರನೆಯ ಮಗು ಬರಲೇ ಇಲ್ಲ. ಡಾಕ್ಟರು ಊಟದ ಪೊಟ್ಟಣ ಬಿಚ್ಚಿದರು. ಉಮಾದೇವಿ ಊಟ ಮುಟ್ಟದೆ ಲ್ಯಾಪ್‌ಟಾಪ್ ತೆರೆದಳು. ಮಿಷಿನ್ನು ಬರೆದಿಟ್ಟ ಎಲ್ಲ ಮಕ್ಕಳ ಹಳೆಯ ಗೆರೆಗಳೂ ಅದರಲ್ಲಿದ್ದವು. ಒಂದು ತಿಂಗಳಿಂದ ದಿನವೂ ಅದನ್ನು ತೆರೆಯಬೇಕು ಅಂದುಕೊಂಡು ತೆರೆಯದೇ ಇದ್ದಳು. ನೋಡದಿದ್ದರೆ ಸಡಿಲ ಅಂಟು ಇನ್ನೂ ಸಡಿಲ ಅಂಟಾಗಿಯೇ ಉಳಿಯಬಹುದಲ್ಲ. ನಾಲ್ಕನೇ ದಿನ, ಮೂರು ಇಪ್ಪತ್ತು. ಅಂಟು ಬಿಟ್ಟಾಗ ಗೆರೆಗಳು ಹೇಗಿರುತ್ತವೆ ಎಂದು ಅವಳಿಗೆ ಈಗ ಗೊತ್ತಿತ್ತು: ಹರಿದ ಬಟ್ಟೆಯ ಅಂಚಿನಂತೆ, ಕೆಂಪು, ನೀಲಿ ಎರಡೂ ಒಟ್ಟಿಗೆ ನೆಗೆಯುತ್ತವೆ. ಹತ್ತೂವರೆಯ ಗೆರೆ ಹಾಗೇ ಇತ್ತು. ಮೂರು ಇಪ್ಪತ್ತರದ್ದು ಹಾಗಿರಲಿಲ್ಲ. ಆಮ್ಲಜನಕ ಹೊತ್ತ ರಕ್ತದ ಕೆಂಪು ಗೆರೆ ನಿಧಾನವಾಗಿ, ನುಣ್ಣಗೆ ಇಳಿದಿತ್ತು. ಅದನ್ನು ಕಳೆದುಕೊಂಡ ರಕ್ತದ ನೀಲಿ ಗೆರೆ ಅಷ್ಟೇ ನಿಧಾನವಾಗಿ ಏರಿತ್ತು. ನಡುವೆ ಒಂದು ಸಣ್ಣ ಬಿರುಕು, ಅವಳು ಪಟ್ಟಿ ಕಿತ್ತು ಮತ್ತೆ ಅಂಟಿಸಿದ ಜಾಗ. ಅದರ ಆಚೆಗೂ ಗೆರೆಗಳು ದೂರವಾಗುತ್ತಲೇ ಹೋಗಿದ್ದವು. ಅಂಟು ಗಟ್ಟಿಯಾಗಿತ್ತು. ತಲೆ ಹೇಳಿದ್ದೇ ನಿಜ.

‘ಸಾರ್, ಇದು ಸಡಿಲ ಅಲ್ಲ’ ಅಂದಳು.

ಡಾಕ್ಟರು ನೋಡಲು ಏಳಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಂತಿತು. ‘ಬ್ರಹ್ಮಸಮುದ್ರದ ಮಗುನಾ?’ ಅಂದರು. ಅವರ ಮಾತು ಅರ್ಧ ತೆಲುಗು, ಅರ್ಧ ಬೆಂಗಳೂರಿನಲ್ಲಿ ಓದುವಾಗ ಕಲಿತ ಕನ್ನಡ. ‘ಆ ಫೈಲ್ ನಾನು ಯಾವಾಗಲೋ ನೋಡಿದೀನಿ.’

‘ನಿಮಗೆ ಗೊತ್ತಿತ್ತಾ?’

‘ಅನುಮಾನ ಬಂದಿತ್ತು. ಆ ದಿನ ವೆಂಟಿಲೇಟರ್ ಜೋರು ಮಾಡಿದ್ದು ನಾನೇ. ಉಸಿರಿನ ಜೊತೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋದರೆ ಮೆದುಳಿನ ರಕ್ತನಾಳ ಸಣ್ಣಗಾಗುತ್ತೆ. ಕಾಲಿಗೆ ಅದು ತಿಳಿಯಲ್ಲ. ರಿಪೋರ್ಟ್ ಬಂತು, ಡ್ಯೂಟಿ ಡಾಕ್ಟರು ಇಳಿಸಿದರು, ಸರಿಹೋಯ್ತು. ನೀವು ಸಡಿಲ ಅಂತ ಬರೆದಿದ್ರಿ. ಹಾಗೇ ಇರಲಿ ಅಂತ ಬಿಟ್ಟೆ.’ ಮತ್ತೆ ಅನ್ನ ಕಲಸುತ್ತ ಅಂದರು, ‘ಹನ್ನೊಂದು ನಿಮಿಷಕ್ಕೆ ಒಂದು ಕೈ ಹೋಗಲ್ಲ ಉಮಾದೇವಿ ಗಾರು. ಅದರಿಂದ ಹೋಗಲೇ ಇಲ್ಲ ಅಂತಲೂ ನಾನು ಹೇಳಲಾರೆ. ಹೊಟ್ಟೆಯಲ್ಲಿದ್ದಾಗಲೇ ಏನೋ ಆಗಿರಬಹುದು, ಆಮೇಲೆ ಬಂದ ಸೋಂಕಿರಬಹುದು. ಯಾರಿಗೂ ಗೊತ್ತಾಗಲ್ಲ. ನೀವು ಕರೆದಿದ್ರೂ ನಾನು ಬಂದು ಮತ್ತೆ ಸ್ಟಿಕ್ಕರ್ ಒತ್ತಿ ಹೋಗ್ತಿದ್ನೋ ಏನೋ.’

ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಒಂದು ತಿಂಗಳು ತನ್ನದೊಬ್ಬಳದೇ ಎಂದು ಹೊತ್ತುಕೊಂಡಿದ್ದರಲ್ಲಿ ಇವರು ಇಷ್ಟು ಸುಲಭವಾಗಿ ಪಾಲು ತೆಗೆದುಕೊಳ್ಳುತ್ತಿದ್ದಾರೆ, ಅನ್ನ ಕಲಸುತ್ತಲೇ. ಹಾಗಾದರೆ ತನ್ನ ತಪ್ಪು ಎಷ್ಟು, ಅರ್ಧವೇ, ಕಾಲೇ? ಬೆಳಗಿನ ನಗುವಿಗೆ ಎಷ್ಟು? ಅವರು ಆ ನಗುವನ್ನು ಮರೆತೇಬಿಟ್ಟಿದ್ದರು. ಅದನ್ನು ನೆನಪಿಸಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿದಳು. ಈಗ ಅದನ್ನು ಹೇಳಿದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಿದಂತೆ.

‘ಬಲಗೈಗೆ ಈಗಿಂದಲೇ ಅಭ್ಯಾಸ ಶುರು ಮಾಡಬೇಕಲ್ವಾ ಸಾರ್? ಆರು ತಿಂಗಳು ಬಿಟ್ಟರೆ?’

‘ಮಾಡಬೇಕು. ಅವರು ಗಾಬರಿಯಾಗ್ತಾರೆ ಅಂತ ಮೆಲ್ಲಗೆ ಹೇಳಿದೆ. ನೀವು ಫೋನ್ ಮಾಡಿ ಕೈ ವಿಷಯ ಹೇಳಿ, ಫಿಸಿಯೋಥೆರಪಿಗೆ ಬರಲಿ. ಆ ನಿಮಿಷಗಳ ವಿಷಯ ಮಾತ್ರ ಬೇಡ. ನನ್ನ ಹೆದರಿಕೆಗೆ ಹೇಳ್ತಿಲ್ಲ. ಅದು ಗೊತ್ತಾದರೆ ಅವರು ನಮ್ಮ ಹತ್ತಿರ ಬರೋದನ್ನೇ ನಿಲ್ಲಿಸ್ತಾರೆ. ಆಮೇಲೆ ಆ ಕೈಗೆ ಯಾರು ದಿಕ್ಕು?’

ಅದರಲ್ಲೂ ನ್ಯಾಯವಿತ್ತು, ಅದೇ ಕಷ್ಟ. ಗೋಡೆಯ ಗಡಿಯಾರ ಎರಡು ಇಪ್ಪತ್ತು ತೋರಿಸುತ್ತಿತ್ತು. ಅವಳು ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಡೆಯುವಾಗ, ಕೈ ವಿಷಯ ಮಾತ್ರ ಹೇಳುತ್ತೇನೆ ಅಂದುಕೊಂಡಳು. ಮೆಡಿಕಲ್ ಶಾಪಿನ ಮುಂದೆ, ಎಲ್ಲವನ್ನೂ ಹೇಳುತ್ತೇನೆ ಅಂದುಕೊಂಡಳು. ಹೇಳುವುದು ಮಗುವಿಗಾಗಿಯೋ, ತನ್ನ ಎದೆ ಹಗುರವಾಗಲು ಆ ಹೆಂಗಸಿನ ಮೇಲೆ ಭಾರ ಹೊರಿಸುವುದೋ? ಹೇಳದಿರುವುದು ಮಗುವಿಗಾಗಿಯೋ, ಆ ಗಾಜಿನ ಆಚೆಯ ಒಳ್ಳೆಯ ಸಿಸ್ಟರಾಗಿ ಉಳಿಯುವ ಆಸೆಗೋ? ತಲೆಯೊಳಗೆ ಎರಡೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದವು. ಒಂದು ಆಟೋದವನು ಬೈದು ಹೋದ. ತಾನು ರಸ್ತೆಯ ನಡುವೆ ನಿಂತಿದ್ದೇನೆ ಎಂದು ಆಗ ತಿಳಿಯಿತು.

ಹರಿತಾ ಸಿಮೆಂಟ್ ಬೆಂಚಿನ ಮೇಲೆ ಒಬ್ಬಳೇ ಇದ್ದಳು, ಹುಡುಗ ಪಕ್ಕದಲ್ಲಿ ಕೂತು ಬೆಂಚನ್ನು ಎಡಗೈಯಿಂದ ಬಡಿಯುತ್ತಿದ್ದ. ಓಬಮ್ಮ ಮಂಡಕ್ಕಿ ತರಲು ಹೋಗಿದ್ದಳು. ‘ಏನ್ ಸಿಸ್ಟರ್, ಏನಾದ್ರೂ ಬಿಟ್ಬಂದ್ವಾ?’ ಎಂದು ಹರಿತಾ ಎದ್ದಳು.

‘ಕೂತ್ಕೊ ಹರಿತಾ. ಅವನು ಎಡಚ ಅಲ್ಲ. ಅಂದ್ರೆ, ಮುಂದೆ ಆಗಬಹುದು. ಆದರೆ ಈ ವಯಸ್ಸಿಗೆ ಎರಡೂ ಕೈ ಆಡಬೇಕು. ಬಲಗೈಗೆ ಶಕ್ತಿ ಕಮ್ಮಿ ಇದೆ.’

ಹರಿತಾ ಮಗನ ಕಡೆ ನೋಡಿದಳು. ‘ಗೊತ್ತು’ ಅಂದಳು. ‘ದಿನಾ ಮೈ ತೊಳ್ಯೋಳು ನಾನು. ಎಡಗೈ ತುಂಬಾ ಮಣ್ಣಿರ್ತೈತೆ. ಬಲಗೈ ಬಿಚ್ಚಿದ್ರೆ ಬೆವರು ವಾಸ್ನೆ ಬತ್ತದೆ, ಮಣ್ಣಿರಲ್ಲ. ಅತ್ತೆ ಅಷ್ಟು ಖುಷಿಯಾಗವ್ರೆ. ನಾನೂ ಅದನ್ನೇ ನಂಬ್ಕಂಡೆ.’

ಇಲ್ಲಿಗೆ ನಿಲ್ಲಿಸಬಹುದಿತ್ತು. ಉಮಾದೇವಿ ಬೆಂಚಿನ ತುದಿಯಲ್ಲಿ ಕೂತಳು. ‘ನೀನು ಗಾಜಿನ ಆಚೆಯಿಂದ ನೋಡಿದ್ಯಲ್ಲ, ನಾನು ಬೆರಳಿಟ್ಟು ನಿಂತಿದ್ದು. ನಾನು ಅವನನ್ನ ಸಮಾಧಾನ ಮಾಡ್ತಿರ್ಲಿಲ್ಲ. ತಲೆಗೆ ಉಸಿರು ಕಮ್ಮಿಯಾಗಿದೆ ಅಂತ ಮಿಷಿನ್ನು ತೋರಿಸ್ತಿತ್ತು. ನಾನು ಸ್ಟಿಕ್ಕರ್ ಬಿಟ್ಟಿದೆ ಅಂದ್ಕೊಂಡು ಒತ್ತಿ ಹಿಡಿದಿದ್ದೆ. ಡಾಕ್ಟರನ್ನ ಕರೀಬೇಕಿತ್ತು. ಕರೀಲಿಲ್ಲ. ಬೆಳಗ್ಗೆ ಕರೆದು ನಗೆಪಾಟಲಾಗಿದ್ದೆ, ಅದಕ್ಕೆ. ಇವತ್ತು ಗೆರೆ ನೋಡಿದೆ. ಸ್ಟಿಕ್ಕರ್ ಸರಿಯಾಗೇ ಇತ್ತು.’

ಹರಿತಾ ಹುಡುಗನ ಬಲ ಮುಷ್ಟಿಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು. ಅನಂತಪುರದ ಬಸ್ಸೊಂದು ಬಂದು ನಿಂತು, ಜನ ಇಳಿದು, ಹತ್ತಿ, ಅದು ಹೊರಟೂ ಹೋಯಿತು. ‘ಆವಾಗ ಅವನಿಗೆ ನೋವಾಯ್ತಾ?’

‘ಗೊತ್ತಿಲ್ಲ.’

‘ಅದರಿಂದ್ಲೇ ಕೈ ಹಿಂಗಾಯ್ತಾ?’

‘ಗೊತ್ತಿಲ್ಲ ಹರಿತಾ. ಡಾಕ್ಟರಿಗೂ ಗೊತ್ತಿಲ್ಲ.’

‘ಮತ್ತೆ ಏನ್ ಗೊತ್ತು ನಿಮಗೆ?’ ದನಿ ಮೊದಲ ಸಲ ಏರಿತ್ತು. ಹುಡುಗ ಬಡಿಯುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದ.

‘ನಾನು ಕರೀಬೇಕಿತ್ತು ಅನ್ನೋದು ಗೊತ್ತು. ಈಗ ಶುರು ಮಾಡಿದ್ರೆ ಕೈಗೆ ಒಳ್ಳೇದು ಅನ್ನೋದು ಗೊತ್ತು. ಅಷ್ಟೇ.’

‘ನಂಗೆ ಎಷ್ಟು ಚೆಂದ ಕಂಡಿತ್ತು ಅದು’ ಅಂದಳು ಹರಿತಾ, ತನಗೆ ತಾನೇ ಎಂಬಂತೆ. ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅಳುತ್ತಿದ್ದಾಳೋ ಬರೀ ಬೆವರೋ ಉಮಾದೇವಿಗೆ ತಿಳಿಯಲಿಲ್ಲ. ‘ಅತ್ತೆಗೆ ಹೇಳ್ಬ್ಯಾಡಿ. ಕೈ ವಿಷಯ ನಾನೇ ಹೇಳ್ಕಂತೀನಿ. ನಾನು ಹಿಂದೂಪುರಕ್ಕೆ ಬತ್ತೀನಿ, ಎಷ್ಟು ಸಲ ಬೇಕಾದ್ರೂ ಬತ್ತೀನಿ. ಆದ್ರೆ ಇವನ ಕೈ ಬೇರೆಯವರು ನೋಡ್ಲಿ. ನೀವು ಬ್ಯಾಡ.’

‘ಆಯ್ತು’ ಎಂದು ಉಮಾದೇವಿ ಎದ್ದಳು. ಎರಡು ಹೆಜ್ಜೆ ಹೋಗಿರಲಿಲ್ಲ.

‘ಎಲ್ಲಿಗೋಯ್ತೀರಿ? ಅಲ್ಲಿಗೆ ಬರೋಗಂಟ ಏನ್ ಮಾಡ್ಲಿ ನಾನು? ತೋರ್ಸಿ ಹೋಗಿ. ಬಸ್ಸಿಗೆ ಇನ್ನಾ ಹೊತ್ತೈತೆ.’

ಅಷ್ಟರಲ್ಲಿ ಓಬಮ್ಮ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು ಬಂದಳು, ಸಿಸ್ಟರನ್ನು ಕಂಡು ಖುಷಿಯಾಗಿ ಒಂದು ಹಿಡಿ ಅವಳ ಕೈಗೂ ಸುರಿದಳು. ಉಮಾದೇವಿ ಹುಡುಗನ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಳು. ಬೆಂಚಿನ ಮೇಲೆ, ಅವನ ಬಲಗಡೆ, ನಾಲ್ಕು ಕಾಳು ಮಂಡಕ್ಕಿ ಇಟ್ಟಳು. ಎಡಗೈ ಬಂತು. ಅದನ್ನು ದಾರಿಯಲ್ಲೇ ಹಿಡಿದು, ನೋಯದಂತೆ ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು. ಹಿಂದೂಪುರದಲ್ಲಿ ಫಿಸಿಯೋಥೆರಪಿಯವರು ಮಾಡುವುದನ್ನು ಎಷ್ಟೋ ಸಲ ನೋಡಿದ್ದಳು. ಒಳ್ಳೆಯ ಕೈಯನ್ನು ಹಿಡಿಯಬೇಕು, ಕಾಯಬೇಕು. ಹುಡುಗ ಎಳೆದ. ಅವಳು ಬಿಡಲಿಲ್ಲ. ಅವನು ಮೊದಲು ಆಶ್ಚರ್ಯದಿಂದ ನೋಡಿದ, ಆಮೇಲೆ ತುಟಿ ಸೊಟ್ಟಗಾಯಿತು, ಆಮೇಲೆ ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕಿರುಚಿದ.

‘ಯಾಕಮ್ಮ ಮಗೀನ ಕೈ ಹಿಡ್ಕಂಡಿದೀರಿ? ಅದೇ ಅವನ ಒಳ್ಳೇ ಕೈ! ಬಿಡಮ್ಮ’ ಎಂದು ಓಬಮ್ಮ ಬಗ್ಗಿದಳು. ಸುತ್ತಲಿನ ಜನ ತಿರುಗಿ ನೋಡಿದರು. ಯಾರೋ ಒಬ್ಬ, ‘ಏಮೈಂದಿ, ಏನಾಯ್ತು?’ ಎಂದು ಎದ್ದು ನಿಂತ.

‘ಸುಮ್ಕಿರಿ ಅತ್ತೆ’ ಅಂದಳು ಹರಿತಾ.

ಹುಡುಗನ ಕುತ್ತಿಗೆಯ ನರ ಉಬ್ಬಿತ್ತು, ಕಾಡಿಗೆ ಕರಗಿ ಕೆನ್ನೆಗಿಳಿದಿತ್ತು. ತಾನು ಮಾಡುತ್ತಿರುವುದು ಸರಿಯೋ, ಇನ್ನೊಂದು ತಪ್ಪೋ, ಉಮಾದೇವಿಗೆ ಅದೂ ತಿಳಿಯಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತು. ಆಗ ಎದೆಗೆ ಅಂಟಿದ್ದ ಬಲಗೈ ಭುಜದಿಂದ ಕದಲಿತು. ಮಂಡಕ್ಕಿಯ ಕಡೆ ಅದು ಹೋಗಲಿಲ್ಲ. ಮೊಣಕೈ ಬಿಚ್ಚಿಕೊಳ್ಳುತ್ತ, ಯಾರೋ ದೂರದಿಂದ ದಾರ ಕಟ್ಟಿ ಎಳೆದಂತೆ ತಡವರಿಸುತ್ತ ಮೇಲೆ ಬಂದು, ಮುಷ್ಟಿಯಾಗಿಯೇ ಅವಳ ಕೆನ್ನೆಗೆ ಬಡಿಯಿತು. ಸಣ್ಣ ಏಟು. ಕನ್ನಡಕ ವಾರೆಯಾಯಿತು.

‘ಬಂತು’ ಅಂದಳು ಹರಿತಾ. ‘ಬಿಡ್ಬ್ಯಾಡಿ. ಇನ್ನೊಂದ್ಸಲ.’

ಉಮಾದೇವಿ ಕನ್ನಡಕವನ್ನು ಸರಿಮಾಡಿಕೊಳ್ಳಲಿಲ್ಲ. ಎ‌ಡಗೈಯನ್ನು ಹಾಗೇ ಹಿಡಿದುಕೊಂಡು, ಮುಖವನ್ನು ಇನ್ನಷ್ಟು ಹತ್ತಿರ ತಂದಳು.